ಕಾಣೆಯಾದ ಚಿನ್ನದ ಹಲ್ಲು

ಸೋಮವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬೆಟ್ಟದ ಬುಡದ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದು, ಸತ್ತ ತನ್ನ ಗಂಡನ ಹಲ್ಲು ಕಳುವಾಗಿದೆ ಎಂದು ದೂರು ಕೊಟ್ಟಳು.

ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದ. ಆ ಠಾಣೆಗೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರದವು. ನಕ್ಷೆ ಮಾರಿದವನು ಟೋಪಿ ಹಾಕಿದ, ಬಾಡಿಗೆ ಗುದ್ದಲಿ ವಾಪಸು ಬರಲಿಲ್ಲ, ಚಿನ್ನ ಹುಡುಕಲು ಹತ್ತಿದ ಅಣ್ಣ ಇಳಿಯಲಿಲ್ಲ. ಹಲ್ಲು ಇದೇ ಮೊದಲು. ಅವನಿಗೆ ನಗು ಬಂತು, ತಡೆದುಕೊಂಡ. ಆಮೇಲೆ ಆ ನಗುವಿಗಾಗಿ ಅವನು ಬಹಳ ದಿನ ತನ್ನನ್ನೇ ಬೈದುಕೊಂಡ.

ಹೆಂಗಸು ದೂರದ ಊರಿನವಳು, ಬಟ್ಟೆ ಹೊಲಿಯುವವಳು. ಗಂಡ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವನು. ಯಾರೋ ಹೇಳಿದ ಬೆಟ್ಟದ ಚಿನ್ನದ ಕತೆ ತಲೆಗೆ ಹತ್ತಿ, ಅಂಗಡಿಗೆ ಬೀಗ ಹಾಕಿ ಬಂದಿದ್ದ. ಶನಿವಾರ ಅವನ ಹೆಣ ಕೊರಕಲಿನಲ್ಲಿ ಸಿಕ್ಕಿತ್ತು. ಭಾನುವಾರ ಶವಾಗಾರದಲ್ಲಿ ಒದ್ದೆ ಬಟ್ಟೆಯಿಂದ ಮುಖ ಒರೆಸುವಾಗ ತುಟಿ ಮೇಲೆ ಸರಿದು, ಎಡಗಡೆ ಖಾಲಿ ಜಾಗ ಅವಳ ಕಣ್ಣಿಗೆ ಬಿದ್ದಿತ್ತು.

ಇನ್ಸ್‌ಪೆಕ್ಟರ್ ಅವಳನ್ನು ಒಳಗೆ ಕರೆದು ಕೂರಿಸಿದ.

“ಬಿದ್ದಾಗ ಮುರಿದಿರಬಹುದಲ್ಲಮ್ಮ?”

“ಅಕ್ಕಪಕ್ಕದ ಹಲ್ಲು ಗಟ್ಟಿಯಾಗಿವೆ ಸರ್. ತುಟೀನೂ ಒಡೆದಿಲ್ಲ.”

“ಅವರಿಗೆ ಚಿನ್ನದ ಹಲ್ಲಿದ್ದದ್ದು ಯಾರಿಗೆ ಗೊತ್ತಿತ್ತು?”

“ಮನೆಯವರಿಗಷ್ಟೇ.”

ಗಂಡನಿಗೆ ಕೆಲಸ ಮಾಡುವಾಗ ಸ್ಕ್ರೂಗಳನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ಚಟ. ಹಾಗೇ ಒಂದು ಹಲ್ಲು ಮುರಿದಿತ್ತು. ಅದರ ಬುಡದ ಮೇಲೆ ಚಿನ್ನದ ಹಲ್ಲು ಕೂರಿಸಿಕೊಂಡ ಮೇಲೆ ಅವನಿಗೆ ವಿಪರೀತ ನಾಚಿಕೆ. ಹೊರಗಿನವರೆದುರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದ. ಅವಳು ಮೊಬೈಲಿನಲ್ಲಿ ತೋರಿಸಿದ ಫೋಟೋಗಳಲ್ಲೆಲ್ಲ ಬಾಯಿ ಬಿಗಿದುಕೊಂಡೇ ನಿಂತಿದ್ದ. ತನ್ನವರ ಮುಂದೆ ಮಾತ್ರ ಬಾಯಿ ತುಂಬ ನಗುತ್ತಿದ್ದನಂತೆ.

“ಚಿನ್ನ ಹೋದ್ರೆ ಹೋಗ್ಲಿ ಸರ್. ಅವರ ಬಾಯಿಗೆ ಕೈ ಹಾಕಿದ್ದು ಯಾರು ಅಂತ ನಂಗೆ ಗೊತ್ತಾಗ್ಬೇಕು. ಅಲ್ಲಿವರೆಗೂ ನಾನು ಅವರನ್ನ ಇಲ್ಲಿಂದ ಕರ್ಕೊಂಡು ಹೋಗಲ್ಲ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದ. ಸದ್ಯಕ್ಕೆ ಕಳ್ಳತನ, ಆರೋಪಿ ಅಪರಿಚಿತ. ಶವಾಗಾರದವರದೇ ಕೈಚಳಕ ಎಂದು ಅವನಿಗೆ ಅನಿಸಿತ್ತು.

ಆಸ್ಪತ್ರೆಗೆ ಹೋಗಬೇಕಾದರೆ ಊರಿನ ಮುಖ್ಯ ಬೀದಿ ದಾಟಬೇಕು. ಆ ಬೀದಿ ಕಂಡರೆ ಇನ್ಸ್‌ಪೆಕ್ಟರನಿಗೆ ವಾಕರಿಕೆ. ಯಾವುದೋ ಕಾಲದಲ್ಲಿ ಹೇಸರಗತ್ತೆಗಳ ಮೇಲೆ ಚಿನ್ನ ಹೇರಿಕೊಂಡು ಹೊರಟ ದಂಡೊಂದು ಬೆಟ್ಟದಲ್ಲಿ ಕಾಣೆಯಾಯಿತಂತೆ. ಕಂಡವರಿಲ್ಲ, ಬರೆದಿಟ್ಟವರಿಲ್ಲ. ಆ ಒಂದು ‘ಅಂತೆ’ಯ ಮೇಲೆ ಇಡೀ ಊರು ಹೊಟ್ಟೆ ಹೊರೆಯುತ್ತಿತ್ತು. ಟೀಯಲ್ಲಿ ಅದ್ದಿ ಹಳೆಯದು ಮಾಡಿದ ನಕ್ಷೆ ಮಾರುವವರು, ತಲೆದೀಪ ಬಾಡಿಗೆಗೆ ಕೊಡುವವರು, ಹೇಸರಗತ್ತೆಯ ಎಲುಬು ಎಂದು ಕುರಿ ಎಲುಬು ತೋರಿಸುವವರು. ವರ್ಷಕ್ಕೆ ಒಂದೋ ಎರಡೋ ಹೆಣ ಇಳಿಯುತ್ತಿತ್ತು. ಹೆಣ ಇಳಿದ ವಾರ ವ್ಯಾಪಾರ ಇನ್ನೂ ಜೋರು. ಚಿನ್ನ ಇಲ್ಲದಿದ್ದರೆ ಜನ ಯಾಕೆ ಸಾಯುತ್ತಾರೆ ಎಂದು ಕೇಳುವ ಬುದ್ಧಿವಂತರಿಗೆ ಅಲ್ಲಿ ಬರವಿರಲಿಲ್ಲ.

ಮೊದಲ ಮರಣೋತ್ತರ ವರದಿಯಲ್ಲಿ ಒಂದೇ ಸಾಲಿತ್ತು: ಎತ್ತರದಿಂದ ಬಿದ್ದು ತಕ್ಷಣ ಸಾವು. ಬಾಯಿ ತೆರೆದು ನೋಡಿದ್ದಿರಾ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಹೆಣ ತಂದ ಹಗ್ಗದಣ್ಣ ಹೇಳಿದ್ದನ್ನೇ ಬರೆದೆ, ಪ್ರತಿ ಸಲವೂ ಹಾಗೇ ನಡೆದುಬಂದಿದೆ ಎಂದರು.

ಹಗ್ಗದಣ್ಣ ಎಂದರೆ ಆ ಊರಿನ ದೊಡ್ಡ ಮನುಷ್ಯ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹಗ್ಗ ಕಟ್ಟಿ ಇಳಿಸುವ ತಂಡದ ಮುಖ್ಯಸ್ಥ. ಇದಕ್ಕೆ ಯಾರಿಂದಲೂ ಬಿಡಿಗಾಸು ಮುಟ್ಟಿದವನಲ್ಲ. ಹಿಂದಿನ ಇನ್ಸ್‌ಪೆಕ್ಟರ್ ಅವನಿಗೆ ಹಾರ ಹಾಕುತ್ತಿದ್ದ ಫೋಟೋ ಠಾಣೆಯ ಗೋಡೆಯ ಮೇಲೆ ಈಗಲೂ ಇತ್ತು.

ಎರಡನೇ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯಿತು. ಡಾಕ್ಟರು ಕೈ ತೊಳೆದು, ಒರೆಸಿ, ಮತ್ತೆ ತೊಳೆದರು.

“ಹಲ್ಲು ಬಿದ್ದಿದ್ದಲ್ಲ, ಬುಡಸಮೇತ ಕಿತ್ತಿದ್ದಾರೆ. ದವಡೆ ಮೇಲೆ ಬೆರಳು ಒತ್ತಿ ಹಿಡಿದ ಗುರುತುಗಳಿವೆ.”

“ಇಲ್ಲೇ ಶವಾಗಾರದಲ್ಲಾ?”

“ಅಲ್ಲ. ಕಿತ್ತ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಒಸಡು ಊದಿಕೊಂಡಿದೆ. ಸತ್ತವರ ಒಸಡು ಊದಲ್ಲ.”

ಡಾಕ್ಟರು ಮುಂದುವರಿಸಿದರು. ತೊಡೆಯ ಮೂಳೆ, ಎರಡು ಪಕ್ಕೆಲುಬು ಮುರಿದಿದ್ದವು, ಅಷ್ಟೇ. ಹಲ್ಲು ಕಿತ್ತ ಮೇಲೂ ಮನುಷ್ಯ ಒಂದು ದಿನವಾದರೂ ಜೀವ ಹಿಡಿದುಕೊಂಡಿದ್ದ. ಚಳಿಯಲ್ಲಿ, ನೀರಿಲ್ಲದೆ ಸತ್ತಿದ್ದ. ಕೆಳಗೆ ತಂದಿದ್ದರೆ ಉಳಿಯುತ್ತಿದ್ದ.

ಇನ್ಸ್‌ಪೆಕ್ಟರ್ ಎಫ್‌ಐಆರ್‌ಗೆ ಕೊಲೆಯ ಕಲಂ ಸೇರಿಸಲು ಮನವಿ ಬರೆದು ಕಳಿಸಿದ. ಅವನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಯಾರಿಗೂ ತೋರಿಸದ ಹಲ್ಲು, ಕಿತ್ತವನಿಗೆ ಕಂಡದ್ದು ಹೇಗೆ?

ಸತ್ತವನು ಉಳಿದುಕೊಂಡಿದ್ದ ಲಾಡ್ಜಿನ ಮಾಲೀಕ ಹಗ್ಗದಣ್ಣನ ತಂಡದಲ್ಲೂ ಇದ್ದವನು. ಮಂಗಳವಾರ ಬೆಳಿಗ್ಗೆ ಪೊಲೀಸರು ಹೋದಾಗ ಇಬ್ಬರು ಹೊಸಬರಿಗೆ ಕೌಂಟರಿನ ಗಾಜಿನ ಡಬ್ಬಿ ತೋರಿಸುತ್ತಿದ್ದ. ಡಬ್ಬಿಯಲ್ಲಿ ಹತ್ತಿಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಚಿನ್ನದ ಗಟ್ಟಿ. ಬೆಟ್ಟದಲ್ಲಿ ಸಿಕ್ಕಿದ್ದು, ಹಗ್ಗದಣ್ಣ ಊರಿಗೆ ಕೊಟ್ಟದ್ದು ಎಂದು ಹೆಮ್ಮೆಯಿಂದ ಹೇಳಿದ. ಇನ್ಸ್‌ಪೆಕ್ಟರ್ ಹೊಸಬರನ್ನು ಹೊರಗೆ ಕಳಿಸಿ, ಡಬ್ಬಿಯನ್ನು ಪಂಚರ ಮುಂದೆ ಜಪ್ತಿ ಮಾಡಿದ.

“ಆ ರಿಪೇರಿಯವರ ಹಲ್ಲು ನೋಡಿದ್ರಾ?”

“ಹಲ್ಲು? ಅವರು ನಗೋ ಮನುಷ್ಯರೇ ಅಲ್ಲ ಸರ್. ಯಾವಾಗ್ಲೂ ಬಾಯಿಗೆ ಕೈ ಅಡ್ಡ.”

“ಎಲ್ಲಿ ಅಗೀಬೇಕು ಅಂತ ಹೇಳಿದ್ದು ಯಾರು?”

“ಹಗ್ಗದಣ್ಣ. ಎಲ್ರಿಗೂ ಅವರೇ ಹೇಳೋದು.”

ರಿಪೇರಿಯವನು ಬುಧವಾರ ಹತ್ತಿದ್ದ. ಗುರುವಾರ ಮಧ್ಯಾಹ್ನವಾದರೂ ಇಳಿಯಲಿಲ್ಲವೆಂದು ಲಾಡ್ಜಿನವನು ಹಗ್ಗದಣ್ಣನಿಗೆ ತಿಳಿಸಿದ. ಹಗ್ಗದಣ್ಣ ಯಾರಿಗೂ ಕಾಯದೆ ಆಗಲೇ ಒಬ್ಬನೇ ಹತ್ತಿ, ಸಂಜೆ ಇಳಿದು, ಮಂಜಿನಲ್ಲಿ ಏನೂ ಕಾಣಲಿಲ್ಲ ಎಂದಿದ್ದ. ಶುಕ್ರವಾರವಿಡೀ ತಂಡವನ್ನು ಬೆಟ್ಟದ ಇನ್ನೊಂದು ಮಗ್ಗುಲಿಗೆ ಕರೆದೊಯ್ದು ಅಲೆಸಿದ್ದ. ಶನಿವಾರ ಮಾತ್ರ ನೆಟ್ಟಗೆ ಆ ಕೊರಕಲಿಗೆ ಕರೆದೊಯ್ದ.

“ಜಾಗ ಕೊಟ್ಟವನಿಗೆ ಜಾಗ ಗೊತ್ತಿರಲಿಲ್ವಾ?” ಎಂದು ಇನ್ಸ್‌ಪೆಕ್ಟರ್ ಕೇಳಿದ. ಲಾಡ್ಜಿನವನ ಕೈ ಖಾಲಿ ಕೌಂಟರಿನ ಮೇಲೆ ಡಬ್ಬಿ ಇದ್ದ ಜಾಗವನ್ನು ಸವರುತ್ತಿತ್ತು. ಆ ಪ್ರಶ್ನೆ ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಸ್ಥಳ ಪಂಚನಾಮೆಗೆ ಅವನನ್ನೇ ದಾರಿ ತೋರಿಸಲು ಕರೆದುಕೊಂಡು ಬೆಟ್ಟ ಹತ್ತಿದರು. ದಾರಿಯುದ್ದಕ್ಕೂ ಗುಂಡಿಗಳು. ಹಳೆಯವು, ಹುಲ್ಲು ಬೆಳೆದವು, ಮೊನ್ನೆ ಮೊನ್ನೆಯವು. ಆಸೆಬುರುಕರು ಕಂಡಕಂಡಲ್ಲಿ ಅಗೆದಿರುತ್ತಾರೆ ಎಂದು ಇನ್ಸ್‌ಪೆಕ್ಟರ್ ಅಂದುಕೊಂಡಿದ್ದ. ಏದುಸಿರು ಬಿಡುತ್ತ ಒಂದು ದಿಣ್ಣೆಯ ಮೇಲೆ ನಿಂತು ಕೆಳಗೆ ನೋಡಿದಾಗ ಮಾತ್ರ ಅವನಿಗೆ ತಿಳಿಯಿತು. ಗುಂಡಿಗಳು ಸಾಲು ಹಿಡಿದಿದ್ದವು. ಒಂದು ಸಾಲು ಮುಗಿದು ಇನ್ನೊಂದು, ಹೊಲ ಅಳೆದು ಹಂಚಿಕೊಟ್ಟ ಹಾಗೆ. ತಲಾ ಒಬ್ಬೊಬ್ಬರು ಬಂದು, ಚಿನ್ನ ತನಗೇ ಸಿಗುತ್ತದೆಂದು ನಂಬಿ, ಇನ್ನೊಬ್ಬನ ಲೆಕ್ಕಾಚಾರದ ಒಂದೊಂದು ಗುಂಡಿ ತೋಡಿ ಹೋಗಿದ್ದರು. ಅವನಿಗೆ ಮೈಯೆಲ್ಲ ಉರಿಯಿತು.

ಕೊನೆಯ ಗುಂಡಿ ಕೊರಕಲಿನ ಅಂಚಿನಲ್ಲೇ ಇತ್ತು. ತಲೆಕೆಟ್ಟವನೂ ಅಲ್ಲಿ ಗುದ್ದಲಿ ಎತ್ತುತ್ತಿರಲಿಲ್ಲ. ಅಂಚಿನ ಮಣ್ಣು ಜರಿದಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ಪಕ್ಕದಲ್ಲಿ ಬಂಡೆಗೆ ಹೊಡೆದ ಕಬ್ಬಿಣದ ಗೂಟ. ಬಂಡೆಯ ತುದಿಯಲ್ಲಿ ಹಗ್ಗ ಉಜ್ಜಿದ ಗೆರೆ, ಗೆರೆಯಲ್ಲಿ ನೀಲಿ ಎಳೆಗಳು. ಲಾಡ್ಜಿನವನು ಬಗ್ಗಿ ಆ ಎಳೆಗಳನ್ನು ನೋಡಿದ.

“ಶನಿವಾರ ನಾವು ಕೆಳಗಿನ ದಾರೀಲಿ ಬಂದಿದ್ದು ಸರ್. ಹಗ್ಗ ಬಿಚ್ಚಲೇ ಇಲ್ಲ.”

ನೀಲಿ ಎಳೆಗಳನ್ನು ಕಾಗದದಲ್ಲಿ ಮಡಿಸಿ, ಸೀಲು ಮಾಡಿ, ಪಂಚರ ಸಹಿ ಹಾಕಿಸಿಕೊಂಡರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹಗ್ಗದಣ್ಣನ ಶೆಡ್ಡಿನ ಶೋಧನೆ ನಡೆಯಿತು. ಐವತ್ತು ದಾಟಿದ, ನೆಟ್ಟಗಿನ, ಮೆಲುಮಾತಿನ ಮನುಷ್ಯ. ಪೊಲೀಸರಿಗೆ ತಾನೇ ಬಾಗಿಲು ತೆಗೆದ, ಕುರ್ಚಿ ಹಾಕಿದ, ನೀರು ಕೊಟ್ಟ. ಇನ್ಸ್‌ಪೆಕ್ಟರ್ ಆ ನೀರು ಮುಟ್ಟಲಿಲ್ಲ. ಗೋಡೆಯ ಮೊಳೆಗಳಿಗೆ ಹಗ್ಗದ ಸುರುಳಿಗಳು ಬಣ್ಣದ ಪ್ರಕಾರ ತೂಗುತ್ತಿದ್ದವು. ಎಲ್ಲವೂ ಚೊಕ್ಕಟ. ಹೆಡ್ ಕಾನ್‌ಸ್ಟೆಬಲ್ ನೀಲಿ ಸುರುಳಿಯನ್ನು ಇಳಿಸಿದ. ಅದರ ಹಿಂದೆ ಗೋಡೆಯ ಗೂಡಿನಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು.

ಪೆಟ್ಟಿಗೆಯಲ್ಲಿ ಚಿನ್ನ ಕರಗಿಸುವ ಸಣ್ಣ ಮೂಸೆ, ಗ್ಯಾಸಿನ ಬರ್ನರ್, ಮರಳಿನ ಪೊಟ್ಟಣ, ಒಂದು ಇಕ್ಕಳ. ಇಕ್ಕಳದ ಸಂದಿನಲ್ಲಿ ಕಪ್ಪಾಗಿ ಒಣಗಿದ ರಕ್ತ. ಒಂದು ಬಾಟಲಿಯಲ್ಲಿ ಚಿನ್ನ ಬಿಡಿಸಿಕೊಂಡು ಉಳಿದ ಹಲ್ಲಿನ ಚೂರುಗಳು. ಇನ್ನೂ ಮೂಸೆಗೆ ಬೀಳದ ಒಂದು ಚಿನ್ನದ ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅದರ ಅಂಚಿನಲ್ಲಿ ಸಣ್ಣ ತಗ್ಗು. ಚಿನ್ನದ ಹಲ್ಲು ಬಂದ ಮೇಲೂ ರಿಪೇರಿಯವನು ಸ್ಕ್ರೂ ಕಚ್ಚುವ ಚಟ ಬಿಟ್ಟಿರಲಿಲ್ಲ.

ಲಾಡ್ಜಿನ ಗಾಜಿನ ಡಬ್ಬಿಯಲ್ಲಿದ್ದ ‘ಬೆಟ್ಟದ ಚಿನ್ನ’ ಹಲ್ಲಿಗೆ ಬಳಸುವ ಬೆರಕೆಯ ಚಿನ್ನವೇ ಎಂದು ಪ್ರಯೋಗಾಲಯದ ವರದಿ ಆಮೇಲೆ ಬಂತು. ಇನ್ಸ್‌ಪೆಕ್ಟರನಿಗೆ ಆ ವರದಿಗೆ ಕಾಯುವ ಅಗತ್ಯ ಕಾಣಲಿಲ್ಲ. ಊರಿಗೂರೇ ಕೈಯಲ್ಲಿ ಹಿಡಿದು ಮುದ್ದಾಡಿದ್ದು, ಹೊಸಬರು ಅದೃಷ್ಟ ಬರಲೆಂದು ಹಣೆಗೆ ಒತ್ತಿಕೊಂಡದ್ದು, ಬೆಟ್ಟದಲ್ಲಿ ಸತ್ತವರ ಬಾಯಿಯಿಂದ ಕಿತ್ತು, ಕರಗಿಸಿ, ಮರಳಿನಲ್ಲಿ ಉಜ್ಜಿದ ಚಿನ್ನವನ್ನು. ಹತ್ತು ಐವತ್ತಕ್ಕೆ ದಸ್ತಗಿರಿ ಆಯಿತು. ಹಗ್ಗದಣ್ಣ ಚಪ್ಪಲಿ ಮೆಟ್ಟಿಕೊಂಡು, ಶೆಡ್ಡಿಗೆ ಬೀಗ ಹಾಕಿ, ಎಳೆದು ನೋಡಿ, ಜೀಪು ಹತ್ತಿದ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮೂವತ್ತು ವರ್ಷದಿಂದ ಆ ಚಿನ್ನ ಹುಡುಕುತ್ತಿದ್ದೇನೆ ಎಂದ. ಬೆಟ್ಟ ದೊಡ್ಡದು, ಒಬ್ಬ ಅಗೆದರೆ ಏಳು ಜನ್ಮ ಸಾಲದು. ಅಗೆಯುವವರು ಬರಬೇಕಾದರೆ ಚಿನ್ನ ಕಣ್ಣಿಗೆ ಕಾಣಬೇಕು. ಮೊದಮೊದಲು ತನ್ನದೇ ಉಂಗುರ ಕರಗಿಸಿದ್ದ. ಆಮೇಲೆ ಸತ್ತವರದ್ದು. ಸತ್ತವರಿಗೆ ಚಿನ್ನ ಯಾಕೆ ಎಂದು ಅವನೇ ಇನ್ಸ್‌ಪೆಕ್ಟರನನ್ನು ಕೇಳಿದ.

“ಈ ಸಲದವನು ಸತ್ತಿರಲಿಲ್ಲ.”

“ಇರ್ಲಿಲ್ಲ.”

“ಮತ್ತೆ?”

“ಕಾಲು ಮುರಿದವರನ್ನ ಕೆಳಗೆ ತಂದ್ರೆ, ಆ ಅಂಚಲ್ಲಿ ಅಗಿ ಅಂದಿದ್ದು ನಾನೇ ಅಂತ ಹೇಳ್ತಿದ್ರು. ಮುಂದಿನ ತಿಂಗಳು ಯಾರೂ ಬರ್ತಿರಲಿಲ್ಲ.”

ಹಲ್ಲು ಹೇಗೆ ಕಾಣಿಸಿತು ಎಂದು ಇನ್ಸ್‌ಪೆಕ್ಟರ್ ಕೇಳಿದ. ಆ ಹೊತ್ತಿಗೆ ಉತ್ತರ ಅವನಿಗೆ ಹೊಳೆದಿತ್ತು. ಆದರೂ ಹೇಳಿಕೆಯಲ್ಲಿ ಬರಬೇಕಿತ್ತು.

“ನಾನು ಹಗ್ಗದಲ್ಲಿ ಇಳೀತಿದ್ದೆ. ಅವರು ತಲೆ ಎತ್ತಿ ನನ್ನ ನೋಡಿ ನಕ್ರು. ಆಗ ಹೊಳೀತು.”

ಹೇಳಿಕೆ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಎದ್ದುಹೋಗಿ, ಗೋಡೆಯ ಮೇಲಿನ ಹಾರದ ಫೋಟೋ ತೆಗೆದು, ಮಗುಚಿ ಬೀರುವಿನ ಕೆಳಗೆ ತಳ್ಳಿ ಬಂದು ಮತ್ತೆ ಕುಳಿತ. ಸಹಿ ಹಾಕಿ ಪೆನ್ನು ವಾಪಸು ಕೊಡುವಾಗ ಹಗ್ಗದಣ್ಣ ಮೆಲ್ಲಗೆ ಒಂದು ಮಾತು ಕೇಳಿದ.

“ಅವರ ಗುಂಡಿ ಎಷ್ಟು ಆಳ ಹೋಗಿತ್ತು ಸರ್? ತಳದಲ್ಲಿ ಗುರುತಿನ ಬಿಳಿ ಕಲ್ಲು ಬಂದಿತ್ತಾ?”

ಕೇಳುವಾಗ ಅವನ ಕಣ್ಣಿನಲ್ಲಿ ನಾಚಿಕೆ, ಹೆದರಿಕೆ ಯಾವುದೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಆ ಬೆಟ್ಟ ಅವನ ಒಳಗಿನಿಂದ ಬಾಕಿ ಎಲ್ಲವನ್ನೂ ಅಗೆದು ಹಾಕಿತ್ತು. ಇನ್ಸ್‌ಪೆಕ್ಟರ್ ಲಾಕಪ್ಪಿನ ಕಡೆ ಕೈ ತೋರಿಸಿದ.

ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ, ಶವಾಗಾರದ ಬಾಗಿಲು ಕಾಣುವ ಕಡೆ ಕುಳಿತಿದ್ದಳು. ಅವಳಿಗೆ ಎಷ್ಟು ಹೇಳಬೇಕೆಂದು ಇನ್ಸ್‌ಪೆಕ್ಟರ್ ದಾರಿಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದ. ಯಾರು ಎಂದು ಹೇಳಿದ, ಒಪ್ಪಿಕೊಂಡಿದ್ದಾನೆ ಎಂದು ಹೇಳಿದ. ಹಲ್ಲು ಸದ್ಯ ಕೋರ್ಟಿಗೆ ಹೋಗುತ್ತದೆ, ಕೇಸು ಮುಗಿದ ಮೇಲೆ ಕೈ ಸೇರುತ್ತದೆ ಎಂದ. ಗಂಡ ಆಗ ಬದುಕಿದ್ದನೆಂಬ ಮಾತು ಬಾಯಿಗೆ ಬರಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡ.

ಅವಳು ಅವನ ಕಡೆ ತಿರುಗಿದಳು.

“ಅವನಿಗೆ ಹಲ್ಲು ಹೇಗೆ ಕಾಣಿಸ್ತು ಸರ್?”

ಇನ್ಸ್‌ಪೆಕ್ಟರ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಹಾಳು ಇಲಾಖೆಯ ಇಷ್ಟು ವರ್ಷದ ಕೆಲಸದಲ್ಲಿ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಕಲಿಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

“ನಕ್ಕಿರ್ತಾರೆ,” ಎಂದಳು ಅವಳೇ. “ನಮ್ಮವರು ಯಾರೋ ಬಂದ್ರು ಅಂದ್ಕೊಂಡಿರ್ತಾರೆ.”

ಅವನು ಇಲ್ಲ ಎನ್ನಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು.