ದಲ್ಲಾಳಿ ಹೇಳಿದ ವಯಸ್ಸು

ಮೂವತ್ತು ವರ್ಷ ದನದ ಪೇಟೆಯ ಸುಂಕ ಕಟ್ಟಿದ ದಲ್ಲಾಳಿ ಶಂಕ್ರಪ್ಪನಿಗೆ ಸರಕಾರ ಒಂದು ದಿನವೂ ತಿರುಗಿ ಏನನ್ನೂ ಕೊಟ್ಟಿರಲಿಲ್ಲ. ಹೀಗಿರುವಾಗ ಅರವತ್ತೈದನೆಯ ಇಸವಿಯ ಸುಮಾರಿಗೆ ದಿಕ್ಕಿಲ್ಲದ ಮುದುಕರಿಗೆ ಪಿಂಚಣಿ ಎಂಬ ಹೊಸ ಕಾನೂನು ಬಂತು. ಬನವಾಸಿ ಕಡೆಯ ಆ ಊರಿನಲ್ಲಿ ಮೊದಲು ಸಿಕ್ಕಿದ್ದು ಎದುರುಮನೆಯ ಜಟ್ಟಪ್ಪನಿಗೆ. ಅಲ್ಲಿಯವರೆಗೆ "ಏ ಜಟ್ಟ್ಯಾ" ಎನ್ನುತ್ತಿದ್ದ ಅಂಚೆಯವನು ಈಗ ತಿಂಗಳಿಗೊಮ್ಮೆ ಸೈಕಲ್ಲಿನಿಂದ ಇಳಿದು, "ಜಟ್ಟಪ್ಪನವರ, ಇಲ್ಲೊಂದು ಹೆಬ್ಬಟ್ಟು ಒತ್ರಿ" ಎಂದು ಮನಿಯಾರ್ಡರು ಮುಂದಿಡುತ್ತಿದ್ದ. ಎದುರಿನ ಜಗಲಿಯಲ್ಲಿ ಕುಳಿತು ಇದನ್ನು ನೋಡುತ್ತಿದ್ದ ಶಂಕ್ರಪ್ಪ, ಜಟ್ಟಪ್ಪನ ನೋಟುಗಳನ್ನು ಅಲ್ಲಿಂದಲೇ ಎಣಿಸುತ್ತಿದ್ದ.

ಕಾನೂನು ಕೇಳುತ್ತಿದ್ದದ್ದು ಮೂರೇ ಮಾತು. ಆಸ್ತಿ ಇರಬಾರದು, ನೋಡಿಕೊಳ್ಳುವವರು ಇರಬಾರದು, ಅರವತ್ತೈದು ತುಂಬಿರಬೇಕು. ಮೊದಲೆರಡು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಾಗಿರಲಿಲ್ಲ, ಇದ್ದದ್ದು ಬಾಡಿಗೆಯ ಮನೆ. ದಂಧೆಯೋ, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ದಂಧೆ. ಆ ಟವಲಿನ ಕೆಳಗೆ ನಡೆದದ್ದನ್ನು ಊರಿನ ಲೆಕ್ಕ ಬರೆಯುವ ಯಾವ ತಲಾಠಿ ತಾನೇ ಬರೆದಿಟ್ಟಾನು? ಅಡ್ಡವಾದದ್ದು ವಯಸ್ಸು ಮಾತ್ರ. ಅವನಿಗೆ ಐವತ್ನಾಲ್ಕು.

ಆದರೆ ವಯಸ್ಸು ತಿದ್ದುವುದೇ ಅವನ ಕಸುಬಾಗಿತ್ತು. ಮುದಿ ಎತ್ತಿನ ಸವೆದ ಹಲ್ಲಿಗೆ ಅರ ಹಾಕಿ ಉಜ್ಜಿ, ಕೋಡು ಹೆರೆದು ಎಣ್ಣೆ ತಿಕ್ಕಿ, ಹುಬ್ಬಿನ ನರೆಗೆ ಮಸಿ ಬಳಿದು ಹರೆಯದ ಎತ್ತೆಂದು ಮಾರಿದವನು ಅವನು. ಈಗ ಅದೇ ಕೆಲಸವನ್ನು ಹಿಂದುಮುಂದಾಗಿ ಮಾಡಬೇಕಿತ್ತು, ಅದೂ ತನ್ನ ಮೈಮೇಲೆ. ಸಿಕ್ಕಿಬಿದ್ದರೆ ಖಟ್ಲೆಯಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಜೈಲಿಗಿಂತ ದೊಡ್ಡ ಭಯ ಬೇರೆಯಿತ್ತು. ತನ್ನ ವಯಸ್ಸನ್ನೇ ಸುಳ್ಳು ಹೇಳಿದವನು ಎತ್ತಿನ ವಯಸ್ಸು ಹೇಳಿದರೆ ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಆದ್ದರಿಂದ ಅವಸರ ಮಾಡಲಿಲ್ಲ.

ಎತ್ತಿಗೆ ಬಳಿದು ಉಳಿದ ಮಸಿಯನ್ನೇ ತನ್ನ ಮೀಸೆಗೂ ಹಚ್ಚಿಕೊಳ್ಳುತ್ತಿದ್ದವನು ಮೊದಲು ಅದನ್ನು ನಿಲ್ಲಿಸಿದ. ಊರವರ ಕಣ್ಣು ತಪ್ಪಿಸಲು ನಾಟಾ ಸಾಗಿಸುವ ಗಾಡಿಗಳಿಗೆ ಎತ್ತು ಕೊಡಿಸುವ ನೆವದಲ್ಲಿ ಯಲ್ಲಾಪುರಕ್ಕೆ ಹೋಗಿ, ಮೂರು ತಿಂಗಳು ಅಲ್ಲೇ ಗಡ್ಡ ಬೆಳೆಸಿದ. ಎಲೆಯಡಿಕೆಯಿಂದ ಅಲ್ಲಾಡುತ್ತಿದ್ದ ಎರಡು ಮುಂದಿನ ಹಲ್ಲು ಕೀಳಿಸಿದ. ನಡಿಗೆಯನ್ನು ಸವೆದ ಗೊರಸಿನ ಎತ್ತಿನಿಂದ ಕಲಿತ. ಕೆಪ್ಪನಾಗುವ ತಪ್ಪನ್ನು ಮಾತ್ರ ಮಾಡಲಿಲ್ಲ. ಪೂರ್ತಿ ಕೆಪ್ಪರ ಮೇಲೆ ಎಲ್ಲರಿಗೂ ಅನುಮಾನ, ಮೂರನೆಯ ಸಲಕ್ಕೆ ಓಗೊಡುವವನ ಮೇಲೆ ಯಾರಿಗೂ ಇಲ್ಲ. ಊರಿಗೆ ಮರಳಿದ ಮೇಲೆ ಜಟ್ಟಪ್ಪನಿಗೆ ದಿನಾ ಬೀಡಿ ಕೊಟ್ಟು ತಾನು ಹುಟ್ಟುವ ಮೊದಲಿನ ಪ್ಲೇಗಿನ ಕತೆಗಳನ್ನು ಹೇಳಿಸಿಕೊಂಡ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, ಇಲಿ ಬಿದ್ದ ಮನೆಗೆ ಬೀಗ ಜಡಿದದ್ದು, ಎಲ್ಲವೂ ವಾರದೊಳಗೆ ಅವನ ಸ್ವಂತ ಬಾಲ್ಯವಾಯಿತು.

ಕೊನೆಗೆ ಉಳಿದದ್ದು ಎಷ್ಟೆಂದು ಹೇಳುವುದು. ಅರವತ್ತೈದು ಸಾಕಿತ್ತು. ಆದರೆ ಚೌಕಾಶಿಗೆ ಜಾಗ ಬಿಡದೆ ಬೆಲೆ ಹೇಳುವವನು ದಲ್ಲಾಳಿಯೇ ಅಲ್ಲ. ಎಪ್ಪತ್ತೆರಡು ಎಂದರೆ ವಯಸ್ಸು ಬರೆದುಕೊಡುವ ಸರಕಾರಿ ಡಾಕ್ಟರು ಐದಾರು ಕಳೆದಾರು, ಆಗಲೂ ಗಿಟ್ಟುತ್ತದೆ ಎಂದುಕೊಂಡ. ಡಾಕ್ಟರು ಬಾಯಿ ತೆರೆಸಿ ನೋಡಿದರು, ಪ್ಲೇಗಿನ ಕತೆಗೆ ಮರುಗಿದರು, ಚೌಕಾಶಿ ಮಾಡದೆ ಎಪ್ಪತ್ತೆರಡೆಂದೇ ಬರೆದುಕೊಟ್ಟರು. ಇಷ್ಟು ಸಸಾರದ ಗಿರಾಕಿ ಸಿಕ್ಕಿದ್ದಕ್ಕೆ ಶಂಕ್ರಪ್ಪನಿಗೆ ಸ್ವಲ್ಪ ಬೇಜಾರೇ ಆಯಿತು.

ಮಂಜೂರಿಯ ದಿನ ಶಿರಸಿಯ ತಹಶೀಲ್ದಾರ ಕಚೇರಿಯಲ್ಲಿ ತಾಲೂಕಿನ ಮುದುಕ ಮುದುಕಿಯರೆಲ್ಲ ಸಾಲಾಗಿ ಕುಳಿತಿದ್ದರು. ಸಾಹೇಬರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಮೃದು ಮಾತಿನವರು. ಅವನ ಹೆಸರು ಮೂರನೆಯ ಸಲ ಕೂಗಿದ ಮೇಲೆ ಶಂಕ್ರಪ್ಪ ಕೋಲೂರಿ ಎದ್ದ. ಸಾಹೇಬರೇ ಕುರ್ಚಿ ತೋರಿಸಿದರು. ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಅವನು ದೇವರೇ ಗತಿ ಎಂಬಂತೆ ಸೂರಿನ ಕಡೆ ಕೈ ತೋರಿಸಿ, ತಾಲೀಮು ಮಾಡಿದಷ್ಟೇ ಹೊತ್ತು ಕಣ್ಣು ಒರೆಸಿಕೊಂಡ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಸಾಲಿನಿಂದ ಒಬ್ಬ ಮುದುಕಿ ಎದ್ದು ಬಂದು ಎರಡೂ ಕೈಯಿಂದ ಅವನ ಗಡ್ಡ ಸವರಿದಳು. "ಯಪ್ಪಾ ಶಂಕ್ರೂ, ಇದೇನಾತೋ ನಿನಗ? ಹಲ್ಲು ಎಲ್ಲಿ ಹೋದುವೋ?"

ಶಂಕ್ರಪ್ಪನ ಬೆನ್ನು ತನಗೆ ತಾನೇ ನೆಟ್ಟಗಾಯಿತು. ಬಂದವಳು ಅವನ ತಾಯಿ ಗುರುಶಾಂತವ್ವ. ಹುಲಗೋಳದಲ್ಲಿ ಮಗಳ ಮನೆಯಲ್ಲಿದ್ದಳು. ಆ ಮನೆಯ ಅಳಿಯನಿಗೇ ಹಲ್ಲಿಗೆ ಅರ ಹಾಕಿದ ಒಂದು ಮುದಿ ಎತ್ತನ್ನು ಮಾರಿದ ಮೇಲೆ, ಒಂಬತ್ತು ವರ್ಷದಿಂದ ಶಂಕ್ರಪ್ಪ ಅತ್ತ ತಲೆ ಹಾಕಿರಲಿಲ್ಲ. ಮೂರು ತಿಂಗಳು ಕೂದಲೆಳೆಯೂ ಬಿಡದೆ ಯೋಚಿಸಿದವನಿಗೆ ತಾಯಿ ಬದುಕಿದ್ದಾಳೆಂಬುದೊಂದು ನೆನಪಾಗಿರಲಿಲ್ಲ. ಅವಳ ಕೈ ಗಲ್ಲದ ಮೇಲಿದ್ದಾಗ ಅವನಿಗೆ ನಿಜವಾಗಿ ನಾಚಿಕೆಯಾಯಿತು, ಈ ಸಲ ಬಂದ ಕಣ್ಣೀರು ತಾಲೀಮಿನದಲ್ಲ. ಅವಳು ಸಾಹೇಬರತ್ತ ತಿರುಗಿ, "ನನ್ನ ಅರ್ಜಿ ಹರದು ಹಾಕ್ರಿ ಸಾಹೇಬ್ರ. ನಾ ಮಗಳ ಮನ್ಯಾಗ ಹೆಂಗರ ಇರತೀನಿ. ನನ್ನ ಮಗಗ ಕೊಡ್ರಿ, ಪಾಪ, ಸೊರಗಿ ಹೋಗ್ಯಾನ" ಎಂದಳು. ಸಾಹೇಬರು ಅವಳ ಕಾಗದ ಹುಡುಕಿ ತೆಗೆದು ಅವನದರ ಪಕ್ಕದಲ್ಲಿಟ್ಟರು. ಅದೇ ಡಾಕ್ಟರ ಸಹಿ, ವಯಸ್ಸು ಎಪ್ಪತ್ತು. ಅವರು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಯಜಮಾನರೇ, ನೀವು ಹುಟ್ಟಿದಾಗ ನಿಮ್ಮ ತಾಯಿಗೆ ಎಷ್ಟು ವರ್ಷ?" ಶಂಕ್ರಪ್ಪ ಈ ಸಲ ಮೂರನೆಯ ಸಲಕ್ಕೂ ಓಗೊಡಲಿಲ್ಲ. ಮಗನಿಗೆ ಕಿವಿಯೂ ಹೋಗಿದೆ ಎಂದುಕೊಂಡ ಗುರುಶಾಂತವ್ವ, ಅವನಿಗೆ ಅನುಕೂಲವಾಗಲೆಂದು ತಾನೇ ಉತ್ತರ ಕೊಟ್ಟಳು: "ಹದಿನಾರು ಬರ್ಕೋರಿ ಸಾಹೇಬ್ರ. ಇವ ನನ್ನ ಚೊಚ್ಚಲ ಮಗ."