ಎರಡು ಖೋಲಿಯ ಹಾರ್ಡ್ ಡ್ರೈವ್

ಡ್ರೈವ್ ಖಾಲಿಯಾಗಿತ್ತು.

ಸಹಾಯಕ ಪೊಲೀಸ್ ಇನ್‌ಸ್ಪೆಕ್ಟರ್ ಭುವನೇಶ್ವರಿ ಹಂಚಿನಾಳ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು. ಜೋಗೇಶ್ವರಿ ಠಾಣೆಯ ಕಂಪ್ಯೂಟರಿನ ಪರದೆ ಬೆಳ್ಳಗೆ ಬಾಯಿ ತೆರೆದುಕೊಂಡಿತ್ತು. ಒಂದು ಫೈಲೂ ಇಲ್ಲ.

"ತೆಗೆದು ಮತ್ತ ಹಾಕು" ಎಂದಳು.

ಕಾನ್ಸ್‌ಟೇಬಲ್ ರೂಪಾಲಿ ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ಮೊದಲ ಸಲದಂತೆಯೇ ಅದು ಸರಕ್ಕನೆ ಒಳಗೆ ಹೋಯಿತು. ಮತ್ತೆ ಅದೇ ಬಿಳಿ ಪರದೆ. ಠಾಣೆಯ ಕಂಪ್ಯೂಟರ್ ಲಿನಕ್ಸ್‌ನದು. ಏನು ಕೆಟ್ಟರೂ ಎಲ್ಲರೂ ಮೊದಲು ಬೈಯುವುದು ಅದನ್ನೇ. ಪಕ್ಕದ ಕೋಣೆಯ ಇನ್ನೊಂದು ಕಂಪ್ಯೂಟರಿಗೂ ಹಾಕಿ ನೋಡಿದರು. ಅಲ್ಲಿಯೂ ಅದೇ ಹಾಡು.

ಬೆಂಚಿನ ಮೇಲೆ ಕೂತಿದ್ದ ನಾಗವ್ವ ಸೆರಗು ಸರಿಮಾಡಿಕೊಂಡು ಕೇಳಿದಳು: "ಇದ್ರಾಗ ನನ್ನ ಗಂಡ ಅದಾನ ಅಂದಿದ್ರಲ್ರಿ, ಬಾಯಾರ."

ಭುವನೇಶ್ವರಿ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡಳು.

ನಾಗವ್ವನ ಗಂಡ ಪರಪ್ಪ ವಿಜಯಪುರದ ಕಡೆಯವನು. ಜೋಗೇಶ್ವರಿಯ ಹೊಸ ಬಿಲ್ಡಿಂಗಿನಲ್ಲಿ ಬಣ್ಣ ಬಳಿಯುತ್ತಿದ್ದ. ದಸರೆಗೆ ಮುಂಚೆ ಮೂರನೇ ಮಾಳಿಗೆಯಿಂದ ಬಿದ್ದು ಸತ್ತ. ಕುಡಿದಿದ್ದ ಎಂದ ಸೈಟ್ ಸೂಪರ್‌ವೈಸರ್ ಸೋಮನಾಥ. ರಕ್ತದ ವರದಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಇದ್ದರು. ಹೆಣ ಊರು ಮುಟ್ಟುವ ಮೊದಲೇ ಆ ಮಾತು ಊರು ಮುಟ್ಟಿತ್ತು. ಕೊಳ್ಳಿ ಇಡುವಾಗಲೂ ಜನ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರಂತೆ.

"ನನಗ ಬ್ಯಾರೆ ಏನೂ ಬ್ಯಾಡ್ರಿ" ಎಂದಿದ್ದಳು ನಾಗವ್ವ ಮೊದಲ ದಿನವೇ. "ಅವ ಕುಡದಿರಲಿಲ್ಲ ಅಂತ ಊರಿಗಿ ತಿಳೀಬೇಕು. ಅಷ್ಟ."

ಆವತ್ತು ಆ ಬಿಲ್ಡಿಂಗಿನ ಜಾಹೀರಾತಿಗಾಗಿ ಶೂಟಿಂಗ್ ನಡೆದಿತ್ತು. ಶೂಟಿಂಗ್ ಮಾಡಿದ್ದು ಧಾರವಾಡ ಮೂಲದ ಶೇಖರನ ಸ್ಟುಡಿಯೋ. ಅಲ್ಲಿಯ ಎಡಿಟರ್ ಅನಿಲಕುಮಾರ, ಪರಪ್ಪ ಬೀಳುವುದು ವಿಡಿಯೋದಲ್ಲಿ ಇದೆ ಎಂದು ತಾನಾಗಿ ಬಂದು ನಾಗವ್ವನಿಗೆ ಹೇಳಿದ್ದ. ದಸರೆಯ ಮರುದಿನ ಬೆಳಿಗ್ಗೆ ಖುದ್ದು ಶೇಖರನೇ ಡ್ರೈವ್ ತಂದು ಮೇಜಿನ ಮೇಲಿಟ್ಟು ಹೋಗಿದ್ದ. ಅದರ ಮೇಲೆ ಖಂಡೇನವಮಿಯ ಆಯುಧಪೂಜೆಯ ವಿಭೂತಿ, ಗಂಧ, ಕುಂಕುಮ ಇನ್ನೂ ಒಣಗಿ ಅಂಟಿಕೊಂಡಿದ್ದವು.

ಈಗ ಎಲ್ಲ ಓಡಾಟವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

* * *

ಸ್ಟುಡಿಯೋ ಜೋಗೇಶ್ವರಿಯದೇ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಸಾಲಿನಲ್ಲಿತ್ತು. ಊದಿನಕಡ್ಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಕ್ಯಾಮೆರಾಗಳ ಮೇಲೆ ಬಾಡಿದ ಚೆಂಡುಹೂ.

"ಖಾಲಿ ಅಂದ್ರ?" ಶೇಖರ ಎದ್ದು ನಿಂತ. "ನಾನ ತಂದು ಕೊಟ್ಟೀನಿ, ಮ್ಯಾಡಮ್. ಖಾಲಿ ಡಬ್ಬಿ ತಂದು ಕೊಡ್ಲಿಕ್ಕೆ ನನಗೇನು ಹುಚ್ಚೇನು?"

"ನಿನ್ನ ಬಿಟ್ಟು ಯಾರ ಕೈಗೆ ಹೋಗಿತ್ತು?"

ಶೇಖರ ದನಿ ತಗ್ಗಿಸಿದ. "ಸೋಮನಾಥ ಬಂದಿದ್ದ. ಪೂಜಾದ ಹಿಂದಿನ ದಿನ. ತನ್ನ ಲ್ಯಾಪ್‌ಟಾಪ್‌ಗೆ ಹಚ್ಚಿ ನೋಡಿದ. ಪರಪ್ಪ ಬೀಳೂದು ಕಂಡ ಕೂಡಲೇ ಅವನ ಮೋತಿ ಬಿಳಿಚಿಕೊಂಡ್ತು. ನಾ ಚಹಾ ಹೇಳ್ಲಿಕ್ಕೆ ಹೊರಗ ಹೋದೆ. ಅಷ್ಟರಾಗ ಕೆಲಸ ಮುಗಿಸ್ಯಾನ ನೋಡ್ರಿ."

"ಆಮ್ಯಾಲೆ ಯಾರೂ ಮುಟ್ಟಿಲ್ಲೇನು?"

"ಖಂಡೇನವಮಿಗೆ ಪೂಜಾಕ್ಕ ಇಟ್ಟದ್ದನ್ನ ದಸರೆಗೆ ಬನ್ನಿ ಕೊಡೂತನಕ ಮುಟ್ಟಂಗಿಲ್ರೀ. ದೇವರ ಮುಂದಿಂದ ನೇರ ನಿಮ್ಮ ಕೈಗೆ ಬಂದದ."

ಅನಿಲಕುಮಾರ ಮೂಲೆಯಲ್ಲಿ ನಿಂತಿದ್ದ. ಪೂಜೆ ಮುಗಿದ ಕೂಡಲೇ ವಿಜಯಪುರದ ಗಾಡಿ ಹತ್ತಿದವನು ಇವತ್ತೇ ಮರಳಿದ್ದ. ಡ್ರೈವನ್ನು ತನ್ನ ಕಂಪ್ಯೂಟರಿಗೆ ಹಾಕಬಹುದೇ ಎಂದು ಕೇಳಿದ. ಬೇಡ ಎಂದ ಭುವನೇಶ್ವರಿ ಠಾಣೆಯಲ್ಲಿ ತೆಗೆದ ಪರದೆಯ ಫೋಟೋ ತೋರಿಸಿದಳು. ಅವನ ಮುಖ ಸಪ್ಪಗಾಯಿತು.

"ಇದ್ರಾಗ ಎರಡು ಪಾರ್ಟಿಷನ್ ಇದ್ವುರಿ. ಈಗ ಒಂದ ಅದ."

"ನನಗ ತಿಳಿಯೂಹಂಗ ಹೇಳಪ್ಪಾ. ಬೆಳಗಿನಿಂದ ತಲಿ ಕೆಟ್ಟೇದ."

"ಚಾಳಿನ ಖೋಲಿಗಿ ನಡಬರಕ ಪ್ಲೈವುಡ್ ಹೊಡದು ಎರಡು ಮಾಡ್ತಾರಲ್ರಿ, ಹಂಗ. ಒಂದ ಕಡೆ ನಮ್ಮ ಶೂಟಿಂಗ್ ಎಲ್ಲಾ. ಆ ಬಾಗಲಾ ಮ್ಯಾಕ್ ಕಂಪ್ಯೂಟರಿಗಷ್ಟ ತೆರೀತದ. ಇನ್ನೊಂದ ಕಡೆ ಗಿರಾಕಿಗೊಳಿಗಿ ಕೊಡೂ ಲಗ್ನದ ವಿಡಿಯೋ. ಅದು ವಿಂಡೋಸ್‌ಗೂ ತೆರೀತದ, ಎಲ್ಲಾಕೂ ತೆರೀತದ. ಯಾರೋ ನಡುವಿನ ಪ್ಲೈವುಡ್ ಕಿತ್ತು, ಸಾಮಾನು ತೆಗೆದು, ಒಂದೇ ಖಾಲಿ ಖೋಲಿ ಮಾಡ್ಯಾರ."

"ಇನ್ನೊಂದು ಕಾಪಿ?"

"ಮ್ಯಾಕ್‌ದಾಗ ಜಾಗಾ ಇರಲಿಲ್ರಿ. ಕ್ಯಾಮೆರಾದ ಕಾರ್ಡಿನ ಮ್ಯಾಲ ಆಗಲೇ ಬ್ಯಾರೆ ಲಗ್ನ ಶೂಟಿಂಗ್ ಆಗ್ಯಾದ."

"ನೀ ವಿಡಿಯೋ ಪೂರ್ತಿ ನೋಡಿದ್ದೇನು?"

"ಇಲ್ರಿ. ಶಬ್ದ ಹಚ್ಚಿರಲಿಲ್ಲ. ಅವ ಬೀಳೂದು ಕಂಡ್ತು, ಎದಿ ಝಲ್ ಅಂತು, ಮುಚ್ಚಿಬಿಟ್ಟೆ."

ಅಷ್ಟರಲ್ಲಿ ಹಿರಿಯ ಸಾಹೇಬರ ಫೋನ್ ಬಂತು. ಬಿದ್ದು ಸತ್ತ ಕೂಲಿಯವನ ಕೇಸಿಗೆ ಇಷ್ಟು ದಿನ ಬೇಕೇ ಎಂದು ಅವರು ಮರಾಠಿಯಲ್ಲಿ ಚೆನ್ನಾಗಿ ತೊಳೆದರು. ಭುವನೇಶ್ವರಿ ಹಲ್ಲು ಕಚ್ಚಿ "ಹೋ ಸರ್" ಎಂದಳು. ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಆ ಬೈಗುಳದಲ್ಲಿ ಮರೆತುಹೋಯಿತು.

* * *

ಬಿಲ್ಡಿಂಗಿನ ಸೈಟಿನಲ್ಲಿ ಸೋಮನಾಥ ಸಿಮೆಂಟ್ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ಮೈತುಂಬ ಧೂಳು.

"ನೋಡಾಕ ಹೋಗಿದ್ದು ಖರೇರಿ" ಎಂದ. "ಬಿಲ್ಡರ್ ಕಂಪನಿಯವರು ಕಳಿಸಿದ್ರು."

"ಏನ್ ಕಂಡಿ?"

"ಲಗ್ನ."

"ಏನು?"

"ಬರೇ ಲಗ್ನ, ಮ್ಯಾಡಮ್. ಯಾರೋ ಅರಿಷಿಣ ಹಚ್ಚಾಕತ್ತಿದ್ರು, ಯಾರೋ ಅಕ್ಕಿಕಾಳು ಒಗ್ಯಾಕತ್ತಿದ್ರು. ಹುಡುಕಿ ಹುಡುಕಿ ಸಾಕಾಗಿ ಎದ್ದು ಬಂದೆ. ಇದ್ರಾಗ ಏನೂ ಇಲ್ಲಂತ ಕಂಪನಿಗೂ ಹೇಳಿದೆ."

ಭುವನೇಶ್ವರಿಯ ಸಹನೆ ಅಲ್ಲಿಗೆ ಮುಗಿಯಿತು. ಸುಳ್ಳು ಹೇಳುವವನು ಇನ್ನೂ ಸ್ವಲ್ಪ ಮರ್ಯಾದೆಯ ಸುಳ್ಳು ಹೇಳಬಾರದೇ?

"ಪರಪ್ಪ ಕುಡದದ್ದು ನೀ ಕಣ್ಣಾರೆ ನೋಡೀಯೇನು?"

ಸೋಮನಾಥ ತಲೆ ತಗ್ಗಿಸಿದ. "ಇಲ್ರಿ. ನಾ ಕೆಳಗ ಇದ್ದೆ. ಹಂಗ ಹೇಳು ಅಂತ ಕಂಪನಿಯವರು ಹೇಳಿದ್ರು, ಹೇಳಿದೆ."

ಅವನನ್ನೂ ಅವನ ಲ್ಯಾಪ್‌ಟಾಪನ್ನೂ ಜೀಪಿಗೆ ಹತ್ತಿಸಿದಳು. ಕಳ್ಳ ಸಿಕ್ಕ ಎಂದು ಖುಷಿಯಾಗಬೇಕಿತ್ತು, ಆಗಲಿಲ್ಲ. ಚಪ್ಪಲಿಯೊಳಗೆ ಹರಳು ಸೇರಿದ ಹಾಗೆ ಏನೋ ಚುಚ್ಚುತ್ತಿತ್ತು.

* * *

"ಮ್ಯಾಡಮ್, ಹಿಡನ್ ಫೈಲ್ ಒಂದ್ಸಲ... ದೇಖೂ ಕ್ಯಾ?"

ಠಾಣೆಗೆ ಮರಳಿದಾಗ ಹೀಗೆ ಕೇಳಿದ ರೂಪಾಲಿ ಹುಟ್ಟಿದ್ದು ದಾದರಿನಲ್ಲಿ. ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಕಟ್ಟೆಯ ಮೇಲೆ ಕೂತುಬಿಡುತ್ತಿತ್ತು.

"ನೋಡು. ಹಾಳಾದ್ದು ಇನ್ನೇನು ಹಾಳಾಗ್ತದ?"

ರೂಪಾಲಿ ಎರಡು ಕೀ ಒತ್ತಿದಳು. ಖಾಲಿ ಪರದೆಯಲ್ಲಿ ಮಸುಕಾಗಿ ಮೂರ್ನಾಲ್ಕು ಫೋಲ್ಡರುಗಳು ಮೂಡಿದವು. ಅವಳು ಅವುಗಳ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಳು.

"ಯೇ ಸಬ್ ಮ್ಯಾಕ್ ಕಾ ಹೈ, ಮ್ಯಾಡಮ್. ಮ್ಯಾಕ್ ಯಾವ ಡ್ರೈವ್ ಒಳಗೆ ಹೋದ್ರೂ ಇದು ಇಡ್ತದೆ, ಅಪನೇ ಆಪ್, ತಾನಾಗೇ. ವಿಂಡೋಸ್ ಕಾ ಬೇರೆ ಇರ್ತದೆ. ಅದು ಇಲ್ಲಿ ಇಲ್ಲ."

ಭುವನೇಶ್ವರಿ ನೆಟ್ಟಗೆ ಕೂತಳು. ಡ್ರೈವನ್ನು ಕೈಗೆತ್ತಿಕೊಂಡಳು. ಶೇಖರ ಕೈ ಬಿಚ್ಚಿ ಪೂಜೆ ಮಾಡಿದ್ದ. ಗಂಧ ಮೇಲಿನಿಂದ ಇಳಿದು, ಕೇಬಲ್ ಚುಚ್ಚುವ ಬದಿಯನ್ನೆಲ್ಲ ಮೆತ್ತಿ, ಕುಂಕುಮದೊಂದಿಗೆ ಒಣಗಿ ಗಟ್ಟಿಯಾಗಿತ್ತು.

ಅವಳ ಅಪ್ಪ ಇದೇ ಜೋಗೇಶ್ವರಿಯ ಕಾರಖಾನೆಯೊಂದರಲ್ಲಿ ಲೇತ್ ಮಶೀನ್ ನಡೆಸುತ್ತಿದ್ದ. ಖಂಡೇನವಮಿಗೆ ಗಂಧ ಹಚ್ಚಿದ ಮೇಲೆ ಮಶೀನಿನ ತೂತುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಬನ್ನಿ ಕೊಟ್ಟಾದ ಮೇಲೆ ಅವನ ಮೊದಲ ಕೆಲಸ, ಪಿನ್ನು ಹಿಡಿದು ಒಂದೊಂದೇ ತೂತು ಕೆರೆಯುವುದು. ಬೈಯುತ್ತಲೇ ಕೆರೆಯುತ್ತಿದ್ದ.

ಈ ಡ್ರೈವಿನ ಬಾಯಿಯನ್ನು ಠಾಣೆಯಲ್ಲಿ ಯಾರೂ ಕೆರೆದಿರಲಿಲ್ಲ. ಆದರೂ ಬೆಳಿಗ್ಗೆ ಕೇಬಲ್ ಸರಕ್ಕನೆ ಹೋಗಿತ್ತು.

"ರೂಪಾಲಿ, ಜೀಪ್ ತೆಗೀಲಿಕ್ಕೆ ಹೇಳು" ಎಂದಳು.

* * *

"ಈ ಡ್ರೈವಿಗೆ ಹಚ್ಚೂ ಕೇಬಲ್ ಎಲ್ಲಾ ತೆಗೀರಿ."

ಅನಿಲಕುಮಾರ ಡ್ರಾಯರಿನಿಂದ ಎರಡು ತೆಗೆದ. ಗಿರಾಕಿಗಳ ಲ್ಯಾಪ್‌ಟಾಪಿನದು ಕಪ್ಪು ಕೇಬಲ್, ಅದರ ಬಾಯಿ ಚೊಕ್ಕವಾಗಿತ್ತು. ಮ್ಯಾಕ್‌ನದು ಬಿಳಿ. ಭುವನೇಶ್ವರಿ ಅದರ ತುದಿಯನ್ನು ಬೆಳಕಿಗೆ ಹಿಡಿದಳು. ಬಾಯೊಳಗೆ ಗಂಧದ ಹಳದಿ, ಅದರ ಮೇಲೆ ಕುಂಕುಮದ ಕೆಂಪು.

"ಶೇಖರ, ಸೋಮನಾಥ ಬಂದದ್ದು ಪೂಜಾದ ಹಿಂದಿನ ದಿನ. ಆವಾಗ ಗಂಧಾನೂ ಇರಲಿಲ್ಲ, ಕುಂಕುಮಾನೂ ಇರಲಿಲ್ಲ. ಅವನೊಬ್ಬನ ಚುಚ್ಚಿ ಹೋಗಿದ್ರ, ಪೂಜಾ ಆದ ಮ್ಯಾಲ ಬಾಯಿ ಮುಚ್ಚಿಕೊಂಡಿರಬೇಕಿತ್ತು. ತೆರೆದಿತ್ತು. ಅಂದ್ರ ಗಂಧ ಒಣಗಿದ ಮ್ಯಾಲ, ನನ್ನ ಕೈಗೆ ಬರೂಕಿಂತ ಮೊದಲ, ಯಾರೋ ಇದೇ ಬಿಳಿ ಕೇಬಲ್ ಚುಚ್ಚ್ಯಾರ. ಅನಿಲ ವಿಜಯಪುರದಾಗ ಇದ್ದ. ಸ್ಟುಡಿಯೋದ ಕೀಲಿ ನಿನ್ನ ಹತ್ರ."

"ಪೂಜಾ ಮಾಡುವಾಗ ಹತ್ತಿರಬೇಕ್ರೀ."

"ಡ್ರಾಯರಿನಾಗ ಇದ್ದ ಕೇಬಲ್‌ಗೆ? ಅದೂ ಬಾಯೊಳಗ?" ಅವಳ ದನಿ ಏರಲಿಲ್ಲ. "ಇನ್ನೊಂದು ಮಾತು. ಪರಪ್ಪ ಬೀಳೂದು ನೋಡಿ ಸೋಮನಾಥನ ಮೋತಿ ಬಿಳಿಚಿತು ಅಂದಿ. ಅನಿಲ, ಆಗ ಕೇಳೂದು ಮರೆತಿದ್ದೆ, ಅವನ ವಿಂಡೋಸ್‌ದಾಗ ಅದು ಕಾಣಸ್ತದೇನು?"

"ಇಲ್ರಿ" ಎಂದ ಅನಿಲಕುಮಾರ ನಿಧಾನವಾಗಿ. "ಆ ಕಡೆ ಖೋಲಿನ ಅದಕ ಕಾಣಂಗಿಲ್ಲ. ಬರೇ ಲಗ್ನ ಕಾಣತಾವ."

"ಅವ ಹೇಳಿದ್ದೂ ಅದನ್ನ. ಜನುಮದಾಗ ಒಮ್ಮೆ ಖರೆ ಹೇಳ್ಯಾನ, ನಾ ನಂಬಲಿಲ್ಲ. ಶೇಖರ, ನೀ ಎಲ್ಲಾ ಕಡೆ ತೆರೆಯೂ ಹಂಗ ಒಂದೇ ಖೋಲಿ ಮಾಡಿ, ವಿಂಡೋಸ್‌ನವ ಅಳಿಸ್ಯಾನ ಅಂತ ತೋರಿಸಿದಿ. ಆದ್ರ ನಿನ್ನ ಮ್ಯಾಕ್ ಒಳಗ ಹೆಜ್ಜಿ ಗುರ್ತಾ ಬಿಟ್ಟು ಹೋಗ್ಯಾದ. ವಿಂಡೋಸ್‌ದು ಒಂದೂ ಇಲ್ಲ. ಡ್ರೈವ್ ಕಳದು ಹೋಯ್ತು ಅನ್ನಬಹುದಿತ್ತು. ಅನಿಲ ಆಗಲೇ ನಾಗವ್ವಗ ಹೇಳಿಬಿಟ್ಟಿದ್ದ, ಕಳದ್ರ ಮೊದಲು ನಿನ್ನ ಮ್ಯಾಲ ಸಂಶಯ. ಅದಕ ಪೂಜಾ ಮಾಡಿದ ಡ್ರೈವನ್ನ ದೊಡ್ಡ ಮನುಷ್ಯಾನಂಗ ತಂದು ಕೊಟ್ಟಿ. ಯಾಕ ಅಳಿಸಿದಿ, ಅದೊಂದು ನೀನ ಹೇಳು."

ಶೇಖರ ಕ್ಯಾಮೆರಾದ ಮೇಲಿನ ಬಾಡಿದ ಚೆಂಡುಹೂ ಕಿತ್ತು ಬದಿಗಿಟ್ಟ.

"ಹೇಳದಿದ್ರೂ ನಡೀತದ. ನೀ ಗಡಿಬಿಡಿಯಾಗ ಪ್ಲೈವುಡ್ ಅಷ್ಟ ಕಿತ್ತೀದಿ. ಸಾಮಾನು ಇನ್ನೂ ಒಳಗ ಬಿದ್ದದ, ಹೊರಗ ತೆಗೀಬಹುದು ಅಂತ ಪೊಲೀಸ್ ಲ್ಯಾಬಿನವರು ಫೋನಿನಾಗ ಹೇಳ್ಯಾರ."

ಅವನು ಕುರ್ಚಿಯಲ್ಲಿ ಕುಸಿದ. "ಅದ್ರಾಗ ನನ್ನ ದನಿ ಅದ" ಎಂದ. "ಮಾಳಿಗಿ ಸುತ್ತ ಕಟ್ಟಿದ ಹಸಿರು ಜಾಳಗಿ ಅಡ್ಡ ಬರ್ತಿತ್ತು. ಬಿಲ್ಡಿಂಗ್ ಕಾಣ್ತಿರಲಿಲ್ಲ. ಬಿಚ್ಚು ಅಂತ ಪರಪ್ಪಗ ಅಂದೆ."

ಅನಿಲಕುಮಾರ ಗೋಡೆಯ ಕಡೆ ಮುಖ ಮಾಡಿ ನಿಂತ.

* * *

ಲ್ಯಾಬಿನಿಂದ ವಿಡಿಯೋ ಬಂದ ದಿನ ಭುವನೇಶ್ವರಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ನೋಡುವುದು ಬೇಡ, ದನಿಯಷ್ಟೇ ಸಾಕು ಎಂದು ನಾಗವ್ವನೇ ಹೇಳಿದ್ದಳು.

ಮೊದಲು ಗಾಳಿಯ ಸದ್ದು. ಆಮೇಲೆ ಶೇಖರ: "ಏ, ಆ ಜಾಳಗಿ ಬಿಚ್ಚಪಾ. ಎರಡ ನಿಮಿಷ."

ಅದಕ್ಕೆ ಉತ್ತರವಾಗಿ ಒಂದು ಶಾಂತವಾದ, ಸ್ವಚ್ಛ ದನಿ: "ಸಾಹೇಬ್ರ, ಇದನ್ನ ಬಿಚ್ಚಿದ್ರ ನನಗ ಹಿಡ್ಕೊಳ್ಳಾಕ ಏನೂ ಉಳಿಯಂಗಿಲ್ರಿ. ಮೊದಲ ಹಗ್ಗಾ ತರಸ್ರಿ, ಆಮ್ಯಾಲ ಬಿಚ್ಚತೀನಿ."

"ಹಗ್ಗ ಬರೂತನಕ ಬಿಸಿಲು ಹೋಗ್ತದ. ಬಿಚ್ಚು ಅಂದ್ರ ಬಿಚ್ಚು."

ಭುವನೇಶ್ವರಿ ಅಲ್ಲಿಗೆ ನಿಲ್ಲಿಸಿದಳು.

ನಾಗವ್ವ ಅಳಲಿಲ್ಲ. ಕುಬಸದೊಳಗಿಂದ ಸಣ್ಣ ಮೊಬೈಲ್ ತೆಗೆದು ಊರಿಗೆ ಹಚ್ಚಿದಳು. ಎತ್ತಿದವನು ಪರಪ್ಪನ ಅಣ್ಣ ಚಂದ್ರಾಮ.

"ಭಾವಾರ, ಕಟ್ಟಿ ಮ್ಯಾಲ ಯಾರ್ಯಾರು ಕುಂತಾರ? ಎಲ್ಲಾರನೂ ಕರೀರಿ. ಎಲ್ಲಾರಿಗೂ ಕೇಳಿಸೂ ಹಂಗ ಫೋನ್ ಹಿಡೀರಿ." ಆಮೇಲೆ ಭುವನೇಶ್ವರಿಯ ಕಡೆ ತಿರುಗಿದಳು. "ಬಾಯಾರ, ಇನ್ನೊಮ್ಮೆ ಹಚ್ರಿ. ಕುಡದಾವನ ಮಾತು ಹಿಂಗ ಇರ್ತದೇನು, ಅವರ ಹೇಳಲಿ."

ಸಾಕ್ಷ್ಯವನ್ನು ಹೀಗೆ ಹೊರಗಿನವರಿಗೆ ಕೇಳಿಸುವುದು ನಿಯಮಕ್ಕೆ ವಿರುದ್ಧ. ಹಿರಿಯ ಸಾಹೇಬರಿಗೆ ಗೊತ್ತಾದರೆ ಇನ್ನೊಂದು ಸಲ ತೊಳೆಯುತ್ತಾರೆ.

"ರೂಪಾಲಿ" ಎಂದಳು ಭುವನೇಶ್ವರಿ, "ದನಿ ಜಾಸ್ತಿ ಮಾಡು."