ಹಿಂದಕ್ಕೆ ಓಡಿದ ಮುಳ್ಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಅಂಗಡಿಯ ಅರವತ್ತೆರಡು ಗಡಿಯಾರಗಳೂ ಈ ಕ್ಷಣವೇ ನಿಂತುಹೋಗಲಿ. ಟಿಕ್ ಟಿಕ್ ಕೇಳಿಸುತ್ತಿದೆಯಲ್ಲ? ಹಾಗಾದರೆ ನಂಬಿ.

ನಾನು ಗಡಿಯಾರ ರಿಪೇರಿಯವನು. ಎದುರಿಗೆ ಫೋಟೋ ಸ್ಟುಡಿಯೋ. ಅದರ ಒಡತಿ ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ಐದು ವರ್ಷ ಆ ಗುಳಿಯನ್ನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನೋಡಿದ್ದೆ. ಮಾತು ಮಾತ್ರ ಗಂಟಲು ದಾಟಿರಲಿಲ್ಲ.

ಒಂದು ದಿನ ಅವಳೇ ರಸ್ತೆ ದಾಟಿ ಬಂದಳು.

"ಗಡಿಯಾರದವರೇ, ನಿಮ್ಮ ಪೇಜ್ ನೋಡಿದೆ. ನಲವತ್ತು ಫೋಟೋ. ನಲವತ್ತೂ ಮುಚ್ಚಿದ ಶಟರ್‌ದು!"

"ಬೆಳಿಗ್ಗೆ ಬೇಗ ಬರ್ತೀನಲ್ಲ, ಎಲ್ಲರಿಗೂ ಶುಭೋದಯ ಹೇಳಿಬಿಡೋಣ ಅಂತ..."

"ಬಾಗಿಲು ಹಾಕಿರೋ ಅಂಗಡಿಗೆ ಯಾರ್ರೀ ಬರ್ತಾರೆ? ಅದಕ್ಕೇ ಎರಡೇ ಲೈಕು."

"ಒಂದು ನಂದೇ."

"ಇನ್ನೊಂದು ನಂದು." ಗುಳಿ ಬಿತ್ತು. ಆಮೇಲೆ ಮೆಲ್ಲಗೆ ಹೇಳಿದಳು: "ತಿಂಗಳ ಕೊನೆಗೆ ಸ್ಟುಡಿಯೋ ಮುಚ್ಚಿ ಅಣ್ಣನ ಊರಿಗೆ ಹೋಗ್ತಿದೀನಿ. ಅಷ್ಟರೊಳಗೆ ನಿಮಗೆ ಪೇಜ್ ನಡೆಸೋದನ್ನಾದ್ರೂ ಕಲಿಸಿಬಿಡ್ತೀನಿ."

ಎದೆಯೊಳಗೆ ಸ್ಪ್ರಿಂಗು ಟಪ್ಪೆಂದು ಕಳಚಿತು. ತಿಂಗಳ ಕೊನೆಗೆ ಇನ್ನು ಹದಿನೆಂಟೇ ದಿನ.

ಮರುದಿನದಿಂದ ಪಾಠ. "ಶಟರ್ ಬೇಡ, ನಿಮ್ಮ ಬೆರಳು ತೋರಿಸಿ. ಸಾಸಿವೆಯಷ್ಟು ಹಲ್ಲುಚಕ್ರ ಎತ್ತಿಡ್ತೀರಲ್ಲ, ಅದನ್ನ ತೋರಿಸಿ. ಈ ಗಡಿಯಾರ ಯಾರದು, ಯಾಕೆ ನಿಂತಿತು ಅಂತ ಹೇಳಿ. ಯಾರಾದ್ರೂ ಕಮೆಂಟ್ ಹಾಕಿದ್ರೆ ಬರೀ ಹೆಬ್ಬೆರಳು ಒತ್ತಬೇಡಿ, ಉತ್ತರ ಬರೀರಿ. ಜನ ಮನೆ ಬಾಗಿಲಿಗೆ ಬಂದಾಗ ಮುಖ ತಿರುಗಿಸ್ತೀರಾ?"

ಒಂದೇ ಸಲಕ್ಕೆ ಅರ್ಥವಾಗಿತ್ತು. ಆದರೂ ದಿನವೂ ಮರೆತೆ. ಮರೆತರೆ ತಾನೇ ಅವಳು ನನ್ನ ಪಕ್ಕದ ಸ್ಟೂಲಿನಲ್ಲಿ ಇನ್ನೊಂದು ಗಂಟೆ ಕೂರುವುದು?

ಹದಿಮೂರನೆಯ ದಿನ ನಾನೊಬ್ಬನೇ ವಿಡಿಯೋ ಹಾಕಿದೆ. ಅಂಕಿಗಳಿಲ್ಲದ, ಬರೀ ಗೆರೆಗಳ ಗಡಿಯಾರ. ಅದರ ಪಕ್ಕ ನನ್ನ ಮುಖವೂ ಬರಲಿ ಎಂದು ಸೆಲ್ಫಿ ಕ್ಯಾಮೆರಾ ಒತ್ತಿದ್ದೆ. ಅದು ಕನ್ನಡಿಯಂತೆ ಎಡವನ್ನು ಬಲ ಮಾಡುತ್ತದೆಂದು ನನಗೇನು ಗೊತ್ತು? ವಿಡಿಯೋದಲ್ಲಿ ಮುಳ್ಳು ಹಿಂದಕ್ಕೆ ಓಡುತ್ತಿತ್ತು!

ಊಟ ಮುಗಿಸುವಷ್ಟರಲ್ಲಿ ಲೋಕವೆಲ್ಲ ನೋಡಿಬಿಟ್ಟಿತ್ತು. ಫೋನ್ ಎಷ್ಟು ಬಿಸಿಯಾಯಿತೆಂದರೆ ಅದರಲ್ಲೇ ಎರಡು ಅಂಗಿ ಇಸ್ತ್ರಿ ಮಾಡಿಕೊಂಡೆ. ಮರುದಿನ ಅಂಗಡಿ ಮುಂದಿನ ಸಾಲು ಬಸ್ ನಿಲ್ದಾಣ ಮುಟ್ಟಿತು. ಎಲ್ಲರ ಕೈಯಲ್ಲೂ ಒಂದೊಂದು ನಿಂತ ಗಡಿಯಾರ.

ಸಾಲಿನ ಮೊದಲಲ್ಲಿ ಒಬ್ಬ ಮುದುಕಿ. ಸೆರಗಿನಲ್ಲಿ ಸುತ್ತಿದ ಟೇಬಲ್ ಗಡಿಯಾರ.

"ಕಾಲ ಹಿಂದಕ್ಕೆ ತಿರುಗಿಸ್ತೀಯಂತಲ್ಲಪ್ಪಾ? ಯಜಮಾನ್ರು ಹೋದ ದಿನ ಇದೂ ನಿಂತಿತು. ಹಿಂದಿನ ದಿನಕ್ಕೆ ತಗೊಂಡು ಹೋಗು, ಸಾಕು."

ನನ್ನ ಬಾಯಲ್ಲಿ ಸಲೀಸಾಗಿ ಬರುವ ಸುಳ್ಳು ಅಂದು ಬರಲಿಲ್ಲ.

"ಅಮ್ಮಾ, ಅದು ನನಗೆ ಬರಲ್ಲ. ಫೋನ್ ತಪ್ಪು ಒತ್ತಿಬಿಟ್ಟೆ. ಮುಂದಕ್ಕೆ ಓಡಿಸೋದಷ್ಟೇ ಗೊತ್ತು."

ಮುದುಕಿ ಸೆರಗು ಬಿಚ್ಚಿ ಗಡಿಯಾರವನ್ನು ನನ್ನ ಮುಂದಿಟ್ಟಳು. "ಹಂಗಾದ್ರೆ ಸದ್ದಾದ್ರೂ ಮಾಡಿಸು."

ಬಿಚ್ಚಿದೆ, ಒರೆಸಿದೆ, ಎಣ್ಣೆ ಬಿಟ್ಟೆ, ಕೀಲಿ ತಿರುಗಿಸಿದೆ. ಟಿಕ್. ಮುದುಕಿ ಗಡಿಯಾರಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. "ಪಕ್ಕದ ಕೋಣೇಲೇ ಇದ್ದಂಗಿದೆ," ಎಂದಳು. ಬಸ್ ನಿಲ್ದಾಣದವರೆಗೆ ಸಾಲಿಗೆ ಸಾಲೇ ಉಸಿರು ಬಿಗಿಹಿಡಿದಿತ್ತು. ಅರವತ್ತೆರಡು ಗಡಿಯಾರಗಳೂ ಆ ಒಂದರ ಜೊತೆ ಹೆಜ್ಜೆ ಹಾಕಿದವು, ನನ್ನಾಣೆ.

ನಾನು ತಿರುಗಿ ನೋಡಿದೆ. ವಿಡಿಯೋ ಮಾಡಲು ನಿಂತಿದ್ದ ಸ್ಟುಡಿಯೋದವಳು ಫೋನ್ ಕೆಳಗಿಳಿಸಿದ್ದಳು. ಕಣ್ಣು ತುಂಬಿತ್ತು.

"ಇದನ್ನ ಹಾಕಿದ್ರೆ ಕೋಟಿ ಜನ ನೋಡ್ತಿದ್ರು," ಎಂದೆ.

"ಎಲ್ಲಾನೂ ಹಾಕಬಾರದು ರೀ. ಇದು ಕೊನೇ ಪಾಠ."

ಕೊನೆಯದು ಎಂದಳಲ್ಲ, ಗಂಟಲ ಬೀಗ ತಾನಾಗಿ ಬಿಚ್ಚಿಕೊಂಡಿತು. "ನನಗೆ ಮೊದಲನೇ ದಿನವೇ ಎಲ್ಲಾ ಅರ್ಥ ಆಗಿತ್ತು. ನೀವು ಬರಲಿ ಅಂತ ದಡ್ಡನ ಥರ ಕೂತಿದ್ದೆ. ಹೋಗಬೇಡಿ."

ಅವಳು ಮುಖ ತಗ್ಗಿಸಿದಳು. "ಮುಳ್ಳು ಉಲ್ಟಾ ಓಡ್ತಿದೆ ಅಂತ ನಾನು ಐದೇ ನಿಮಿಷಕ್ಕೆ ನೋಡಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ತಪ್ಪು ಮಾಡ್ತಾನೇ ಇದ್ರೆ ನಾನು ಬರ್ತಾನೇ ಇರಬಹುದಲ್ಲ, ಅದಕ್ಕೆ."

ಅಲ್ಲೇ ನಿಂತು ಫೋನ್ ಹಚ್ಚಿದಳು. "ಅಣ್ಣಾ, ನಾನು ಬರಲ್ಲ. ಇಲ್ಲೊಬ್ರು ಮಹಾ ದಡ್ಡರಿದಾರೆ, ಜೀವಮಾನ ಪೂರ್ತಿ ಕಲಿಸಬೇಕು." ಆ ಗುಳಿಯನ್ನು ಅಂದು ಮೊದಲ ಸಲ ಭೂತಗನ್ನಡಿ ಇಲ್ಲದೆ ನೋಡಿದೆ. ಅಬ್ಬಾ! ಇಡೀ ಆಕಾಶ ಹಿಡಿಸುವಷ್ಟಿತ್ತು.

ಕಥೆ ಕೇಳಿದಿರಿ, ಹೂಂಗುಟ್ಟಿದಿರಿ. ಅಷ್ಟಕ್ಕೇ ಎದ್ದು ಹೋಗುತ್ತೀರಾ? ಫೋನ್ ತೆಗೆಯಿರಿ, ನಮ್ಮ ಪೇಜ್ ಫಾಲೋ ಮಾಡಿ. ಬರೀ ಹೆಬ್ಬೆರಳು ಒತ್ತಿ ಜಾರಿಕೊಳ್ಳಬೇಡಿ, ನಮ್ಮ ಮೇಡಂ ಒಪ್ಪುವುದಿಲ್ಲ. ಐದು ವರ್ಷದಿಂದ ಯಾರ ಎದುರು ಬಾಯಿ ಬಿಡದೆ ಕೂತಿದ್ದೀರಿ, ಕಮೆಂಟಿನಲ್ಲಿ ಅವರ ಹೆಸರು ಬರೆಯಿರಿ ನೋಡೋಣ!